ಹಳೆ ಆಟಿಕೆ ಗೂಡ್ಸ್ ಡಬ್ಬಿ: ಮೊದಲ ಕಂತಿನದ್ದೋ, ಆಮೇಲಿನದ್ದೋ?

ಕೆಲವು ವರ್ಷಗಳ ಹಿಂದೆ ಒಂದು ಆಗಸ್ಟ್ ತಿಂಗಳಲ್ಲಿ, ಹಾಸನದಲ್ಲಿ ಮಳೆ ಹಿಡಿದು ಕೂತಿದ್ದಾಗ, ನನಗೆ ಹೊರದೇಶದಿಂದ ಒಂದು ಪಾರ್ಸೆಲ್ ಬಂತು. ಒಳಗಿದ್ದದ್ದು ಗೇಣಿಗಿಂತ ಸ್ವಲ್ಪ ಉದ್ದದ, ಕಿತ್ತಳೆ ಬಣ್ಣದ ಒಂದು ಗೂಡ್ಸ್ ಡಬ್ಬಿ. ಪಕ್ಕದಲ್ಲಿ ದೊಡ್ಡ ನೀಲಿ ಗರಿ, ವೆಸ್ಟರ್ನ್ ಪೆಸಿಫಿಕ್ ಅಂತ ಅಮೆರಿಕದ ಒಂದು ರೈಲು ಕಂಪನಿಯ ಹೆಸರು, 6464-100 ಅಂತ ನಂಬರು. ಅಮೆರಿಕದ ಆಟಿಕೆ ರೈಲು ಕಂಪನಿ ಲಯೊನೆಲ್‌ನ 1954ರ ಮಾಲು, ಅಪರೂಪದ್ದು ಅಂತ ಮಾರಿದವನು ಹೇಳಿದ್ದ. ಎರಡು ತಿಂಗಳ ಮನೆ ಬಾಡಿಗೆಯಷ್ಟು ದುಡ್ಡು, ಮೇಲೆ ಕಸ್ಟಮ್ಸ್ ಸುಂಕ ಬೇರೆ.

ಭಾನುವಾರ ಚಿಕ್ಕಮಗಳೂರಿನಿಂದ ನಮ್ಮ ಮಾವ ಬಂದರು. ಹಳೆ ಆಟಿಕೆ ರೈಲು ಕೂಡಿಡುವ ಈ ಹುಚ್ಚು ನನಗೆ ಹತ್ತಿಸಿದವರೇ ಅವರು. ಡಬ್ಬಿಯನ್ನು ಕೈಗೆ ತಗೊಂಡವರು ಬಣ್ಣ ನೋಡಲಿಲ್ಲ, ಗರಿ ನೋಡಲಿಲ್ಲ, ಸೀದಾ ಕವುಚಿ ಹಾಕಿದರು.

"ಲೋ, ಕೆಳಗಡೆ ನೋಡಿದ್ಯೇನೋ? ಗಾಲಿ ಹಿಡಿದಿರೋ ಈ ಚೌಕಟ್ಟು ಪ್ಲಾಸ್ಟಿಕ್ಕು ಕಣೋ. ಐವತ್ನಾಲ್ಕರಲ್ಲಿ ಇದೆಲ್ಲಿತ್ತು?"

ಅದು 1966ರಲ್ಲಿ ಬಂದ 6464-250. ನೋಡೋಕೆ ಹೆಚ್ಚುಕಮ್ಮಿ ಅದೇ ಕಿತ್ತಳೆ, ಅದೇ ನೀಲಿ ಗರಿ. ಯಾರೋ 250ನ್ನು ಉಜ್ಜಿ ತೆಗೆದು 100 ಅಂತ ಒತ್ತಿದ್ದರು. ಆವತ್ತು ಮಾವ ಕಲಿಸಿದ್ದನ್ನೂ, ಆಮೇಲೆ ನಾನೇ ಕೈ ಸುಟ್ಟುಕೊಂಡು ಕಲಿತದ್ದನ್ನೂ ಇಲ್ಲಿ ಬರೆಯುತ್ತಿದ್ದೇನೆ.

ಒಂದು ವಿಷಯ ಮೊದಲೇ ತಲೆಗೆ ಹಾಕಿಕೊಳ್ಳಿ. ಡಬ್ಬಿ ಅಂದರೆ ಒಂದು ವಸ್ತು ಅಲ್ಲ. ಮೈ, ಬಾಗಿಲು, ಗಾಲಿ, ಕೊಂಡಿ, ಬರಹ, ಪೆಟ್ಟಿಗೆ, ಇವಕ್ಕೆಲ್ಲ ಬೇರೆ ಬೇರೆ ವಯಸ್ಸು ಇರುತ್ತದೆ. ಸುಲಭವಾಗಿ ಬಿಚ್ಚಿ ಬದಲಾಯಿಸಬಹುದಾದ ಭಾಗವನ್ನು ಕಮ್ಮಿ ನಂಬಿ, ಅಚ್ಚಿನಲ್ಲೇ ಮೂಡಿದ್ದನ್ನು ಜಾಸ್ತಿ ನಂಬಿ. ಕೆಳಗಿನದೆಲ್ಲ ಇದರ ವಿವರ ಅಷ್ಟೇ.

ಮೊದಲು, ವ್ಯತ್ಯಾಸ ಯಾಕೆ ಬರುತ್ತದೆ

ಈ ಡಬ್ಬಿಗಳನ್ನು ಮಾಡಿದವರು ನಮ್ಮಂಥ ಹುಚ್ಚರಿಗೆ ಅಂತ ಮಾಡಲಿಲ್ಲ. ಮಕ್ಕಳ ಆಟಕ್ಕೆ ಮಾಡಿದರು, ಸಾವಿರಗಟ್ಟಲೆ. ಮೊದಲ ಕಂತು, ಅಂದರೆ ಒಂದು ಸಲಕ್ಕೆ ತಯಾರಿಸುವಷ್ಟು ಮಾಲು, ಮಾಡಿದ ಮೇಲೆ ಅಕ್ಷರ ರಿವಿಟ್ (ಮೈಮೇಲಿನ ಮೊಳೆ ತಲೆಯಂಥ ಉಬ್ಬು) ಮೇಲೆ ಸರಿಯಾಗಿ ಕೂರುವುದಿಲ್ಲ ಅಂತ ಗೊತ್ತಾಗುತ್ತದೆ, ಅಚ್ಚು ತಿದ್ದುತ್ತಾರೆ. ಲೋಹದ ಭಾಗ ದುಬಾರಿ ಆಯಿತು ಅಂತ ಪ್ಲಾಸ್ಟಿಕ್ ಹಾಕುತ್ತಾರೆ. ಬೇರೆ ಬಣ್ಣದ ಪ್ಲಾಸ್ಟಿಕ್ ಕಾಳು ಕಮ್ಮಿ ಬೆಲೆಗೆ ಸಿಕ್ಕಿತು ಅಂತ ಅದನ್ನೇ ಸುರಿದು, ಮೇಲೆ ಬಣ್ಣ ಬಳಿಯುತ್ತಾರೆ. ಹಳೆ ಭಾಗ ಉಳಿದಿದ್ದರೆ ಬಿಸಾಡುವುದಿಲ್ಲ, ಮುಗಿಯುವ ತನಕ ಹೊಸ ಮೈಗೆ ಹಳೆ ಗಾಲಿ ಕೂರಿಸುತ್ತಾರೆ. ಹಾಗಾಗಿ ಎರಡು ಕಾಲದ ಭಾಗ ಒಂದೇ ಡಬ್ಬಿಯಲ್ಲಿದ್ದ ಮಾತ್ರಕ್ಕೆ ಮೋಸ ಅಂತ ತೀರ್ಮಾನಿಸಬೇಡಿ.

ಇನ್ನೊಂದು ಮಾತು. ಮೊದಲನೆಯದು ಅಂದರೆ ಅಪರೂಪದ್ದು ಅಂತಲ್ಲ. ಲಯೊನೆಲ್‌ನ 6456 ಲೀಹೈ ವ್ಯಾಲಿ ಕಲ್ಲಿದ್ದಲು ಡಬ್ಬಿ 1948ರಲ್ಲಿ ಕಪ್ಪು ಬಣ್ಣದಲ್ಲಿ ಬಂತು, ಅದು ಬೇಕಾದಷ್ಟು ಸಿಗುತ್ತದೆ. ಜನ ಮುಗಿಬೀಳುವುದು ಆಮೇಲೆ ಬಂದ ಹೊಳಪು ಕೆಂಪಿನದಕ್ಕೆ.

ಬೇಕಾಗುವ ಸಾಮಾನು

ಅಕ್ಕಸಾಲಿಗರು ಕಣ್ಣಿಗೆ ಇಟ್ಟುಕೊಳ್ಳುವ ಹತ್ತು ಪಟ್ಟಿನ ಮಸೂರ. ಗಡಿಯಾರ ರಿಪೇರಿಯವರ ಸಣ್ಣ ಸ್ಕ್ರೂಡ್ರೈವರ್. ಒಂದು ಪುಟ್ಟ ಅಯಸ್ಕಾಂತ. ಒಂದು ಟಾರ್ಚು. ಅಂಗಡಿಗಳಲ್ಲಿ ನೋಟು ಅಸಲಿಯೋ ನಕಲಿಯೋ ನೋಡುವ ನೇರಳೆ ಬೆಳಕಿನ ಟಾರ್ಚ್ ಇರುತ್ತದಲ್ಲ, ಅದೂ ಒಂದಿರಲಿ. ಮೊಬೈಲು ಹೇಗೂ ಇದ್ದೇ ಇದೆ. ಇಷ್ಟಕ್ಕಿಂತ ಜಾಸ್ತಿ ಬೇಡ.

ಹೆಜ್ಜೆ 1: ಕವುಚಿ ಹಾಕಿ

ನಮ್ಮೂರಲ್ಲಿ ಇಡೀ ಡಬ್ಬಿಗೇ ಬೋಗಿ ಅಂತ ಕರೆಯುತ್ತೇವೆ. ನಿಜಕ್ಕೂ ಬೋಗಿ ಅಂದರೆ ಡಬ್ಬಿಯ ಕೆಳಗೆ, ಎರಡೂ ತುದಿಯಲ್ಲಿ, ಗಾಲಿಗಳನ್ನು ಹಿಡಿದಿರುವ ಚೌಕಟ್ಟು. ಅಮೆರಿಕದವರು ಅದನ್ನೇ ಟ್ರಕ್ ಅನ್ನುತ್ತಾರೆ. ಹುಡುಕುವಾಗ ಎರಡೂ ಹೆಸರು ನೆನಪಿರಲಿ.

ಲಯೊನೆಲ್‌ನಲ್ಲಿ ಬೋಗಿಯ ಕಥೆ ಸ್ವಾರಸ್ಯವಾಗಿದೆ. ಎರಡನೇ ಮಹಾಯುದ್ಧದ ಕಾರಣಕ್ಕೆ 1942ರಲ್ಲಿ ಅಮೆರಿಕದಲ್ಲಿ ಆಟಿಕೆ ರೈಲಿನ ತಯಾರಿಕೆ ನಿಂತಿತ್ತು. 1945ರ ಕೊನೆಗೆ ಲಯೊನೆಲ್ ಒಂದೇ ಒಂದು ಸೆಟ್ಟಿನೊಂದಿಗೆ ವಾಪಸ್ ಬಂತು. ಅದರ ಡಬ್ಬಿಗಳಲ್ಲಿ ಹೊಸ ರೀತಿಯ ಕೊಂಡಿ ಇತ್ತು, ಕೈ ಮುಷ್ಟಿಯ ಹಾಗೆ ಮುಚ್ಚಿಕೊಳ್ಳುವಂಥದ್ದು. ಮೊದಲ ಮೂರು ವರ್ಷ ಆ ಕೊಂಡಿಯನ್ನು ಬಿಡಿಸುತ್ತಿದ್ದದ್ದು ಒಳಗಿರುವ ತಂತಿ ಸುರುಳಿ. ಅದಕ್ಕೆ ಕರೆಂಟು ಬರಲು ಬೋಗಿಯ ಕೆಳಗೆ ಹಳಿಗೆ ತಾಗುವ ಒಂದು ಲೋಹದ ಪಟ್ಟಿ ಇರುತ್ತಿತ್ತು. 1948ರಿಂದ ಅದರ ಬದಲು ಅಯಸ್ಕಾಂತದಿಂದ ಕೆಳಕ್ಕೆ ಎಳೆಸಿಕೊಳ್ಳುವ ತಗಡಿನ ಬಿಲ್ಲೆ ಬಂತು. ಮಾಮೂಲಿ ಡಬ್ಬಿಯಲ್ಲಿ ತಂತಿ ಸುರುಳಿ ಕಂಡರೆ 1945ರಿಂದ 48ರೊಳಗಿನ ಬೋಗಿ ಅಂತ ಮೊದಲ ಗುರುತು ಹಾಕಿಕೊಳ್ಳಿ. ನಂಬರೂ ಇದನ್ನೇ ಹೇಳುತ್ತದೆ: ಸುರುಳಿ ಕೊಂಡಿಯ ಡಬ್ಬಿಗಳ ನಂಬರು ಸಾಮಾನ್ಯವಾಗಿ 2ರಿಂದ ಶುರು, ಬಿಲ್ಲೆಯ ಕೊಂಡಿ ಬಂದ ಮೇಲೆ 6ರಿಂದ ಶುರು. 2454 ಹೋಗಿ 6454 ಆದದ್ದು ಹೀಗೆ.

ಆಮೇಲೆ ಬೋಗಿಯ ಪಕ್ಕದ ಆಕಾರ ನೋಡಿ. ಮೊದಮೊದಲಿನ ಲೋಹದ ಬೋಗಿಯಲ್ಲಿ ಅಡ್ಡಪಟ್ಟಿಯ ತುದಿ ಸ್ಟೇಪ್ಲರ್ ಪಿನ್ನಿನ ಹಾಗೆ ಮಡಚಿಕೊಂಡು ಹೊರಗೆ ಕಾಣುತ್ತದೆ. 1950ರ ದಶಕದ ಆರಂಭದಲ್ಲಿ ಅದು ಹೋಗಿ, ತುದಿಯಲ್ಲಿ ಸಣ್ಣ ಕಡ್ಡಿಯಂತೆ ಕಾಣುವ ಇನ್ನೊಂದು ಲೋಹದ ಬೋಗಿ ಬಂತು. 1957ರ ಹೊತ್ತಿಗೆ ಪ್ಲಾಸ್ಟಿಕ್ ಬೋಗಿ ಶುರುವಾಯಿತು. ನನ್ನ ಕಿತ್ತಳೆ ಡಬ್ಬಿ ಸಿಕ್ಕಿಬಿದ್ದದ್ದು ಇಲ್ಲೇ.

ಆದರೆ ಎಚ್ಚರ. ಬೋಗಿ ಬದಲಾಯಿಸಲು ಐದು ನಿಮಿಷ ಸಾಕು. ನನಗೆ ಮೋಸ ಮಾಡಿದವನು ಸೋಮಾರಿ, ಅಷ್ಟೇ. ಸ್ವಲ್ಪ ಬುದ್ಧಿ ಇದ್ದವನಾಗಿದ್ದರೆ ಹಳೆ ಲೋಹದ ಬೋಗಿ ಹಾಕಿರುತ್ತಿದ್ದ. ಹಾಗಾಗಿ ಬೋಗಿಯನ್ನು ಹಿಡಿದಿರುವ ಕ್ಲಿಪ್ಪು, ಸ್ಕ್ರೂಗಳ ಸುತ್ತ ಮಸೂರದಲ್ಲಿ ನೋಡಿ. ಎಪ್ಪತ್ತು ವರ್ಷ ಬಿಚ್ಚದ ಜಾಗದಲ್ಲಿ ಧೂಳು, ಎಣ್ಣೆ ಜಿಡ್ಡು ಒಂದೇ ಸಮ ಕೂತಿರುತ್ತದೆ. ಹೊಸದಾಗಿ ಗೀಚಿದ ಗುರುತು ಇದ್ದರೆ ಅಲ್ಲಿ ಯಾರದೋ ಕೈ ಆಡಿದೆ. ಎರಡು ತುದಿಯ ಬೋಗಿಗಳೂ ಒಂದೇ ಥರ ಸವೆದಿವೆಯಾ ಅಂತಲೂ ನೋಡಿ.

ಅಮೆರಿಕನ್ ಫ್ಲಯರ್ ಅನ್ನುವ ಇನ್ನೊಂದು ಬ್ರ್ಯಾಂಡಿನ ಡಬ್ಬಿ ಸಿಕ್ಕಿದರೆ ಈ ಹೆಜ್ಜೆ ಇನ್ನೂ ಸುಲಭ. ಯುದ್ಧದ ನಂತರ 1946ರಿಂದ ಅವರು 1:64 ಅಳತೆಯಲ್ಲಿ, ಅಂದರೆ ಅಸಲಿ ರೈಲಿನ ಅರವತ್ನಾಲ್ಕರಲ್ಲಿ ಒಂದು ಪಾಲಿನಷ್ಟು, ಮಾಡಿದರು. ಮೊದಲ ಕೆಲವು ವರ್ಷ ಚಪ್ಪಟೆ ಕೊಂಡಿ, 1950ರ ದಶಕದ ಮೊದಲ ಭಾಗದಲ್ಲಿ ಮುಷ್ಟಿ ಕೊಂಡಿ. ನಂಬರು 600ರ ಸಾಲಿನಲ್ಲಿದ್ದರೆ ಚಪ್ಪಟೆ ಕೊಂಡಿ ಇರಬೇಕು, 900ರ ಸಾಲಿನಲ್ಲಿದ್ದರೆ ಮುಷ್ಟಿ ಕೊಂಡಿ.

ಹೆಜ್ಜೆ 2: ಮೈಯ ಅಚ್ಚು

ಜಾಸ್ತಿ ಹೊತ್ತು ಕಳೆಯಬೇಕಾದದ್ದು ಇಲ್ಲಿ. ಬೋಗಿ ಬದಲಾಗಬಹುದು, ಬಣ್ಣ ಬದಲಾಗಬಹುದು, ಆದರೆ ಪ್ಲಾಸ್ಟಿಕ್ ಮೈಯಲ್ಲಿ ಎದ್ದಿರುವ ಒಂದು ಸಾಲು ರಿವಿಟ್ಟನ್ನು ಸುಳ್ಳಾಗಿ ಹುಟ್ಟಿಸುವುದು ಬಹಳ ಕಷ್ಟ.

ಅಚ್ಚಿನ ಲೆಕ್ಕ ಹೀಗೆ. ಉಕ್ಕಿನ ಅಚ್ಚಿನಲ್ಲಿ ತಗ್ಗು ಇದ್ದ ಕಡೆ ಪ್ಲಾಸ್ಟಿಕ್ಕಿನಲ್ಲಿ ಉಬ್ಬು ಬರುತ್ತದೆ. ನಮ್ಮ ಮನೆಯ ಸಂಕ್ರಾಂತಿ ಸಕ್ಕರೆ ಅಚ್ಚಿಗೂ ಇದೇ ನಿಯಮ ಅಲ್ವಾ. ಉಕ್ಕನ್ನು ಇನ್ನಷ್ಟು ಕೊರೆಯುವುದು ಸುಲಭ, ಕೊರೆದದ್ದನ್ನು ತುಂಬುವುದು ಕಷ್ಟ. ಅಂದರೆ ಡಬ್ಬಿಗೆ ಹೊಸ ಉಬ್ಬು ಸೇರಿಸುವುದು ಕಾರ್ಖಾನೆಗೆ ಸಲೀಸು. ಇದ್ದ ಉಬ್ಬು ತೆಗೆಯಬೇಕಾದರೆ ಅಚ್ಚಿನ ತಗ್ಗನ್ನು ಮುಚ್ಚಿ ನಯ ಮಾಡಬೇಕು, ಮುಚ್ಚಿದ ಜಾಗದ ಗುರುತು ಎಷ್ಟೋ ಸಲ ಉಳಿದುಬಿಡುತ್ತದೆ. ಟಾರ್ಚನ್ನು ಡಬ್ಬಿಯ ಪಕ್ಕಕ್ಕೆ ಒರಗಿಸಿದ ಹಾಗೆ, ಓರೆಯಾಗಿ ಹಿಡಿಯಿರಿ. ನೇರ ಬೆಳಕಲ್ಲಿ ಕಾಣದ ಮಸುಕು ಗುರುತೆಲ್ಲ ಆಗ ನೆರಳಿನಿಂದ ಎದ್ದು ಬರುತ್ತದೆ.

ಲಯೊನೆಲ್‌ನ 6464 ಸಾಲು 1953ರಲ್ಲಿ ನಾಲ್ಕು ಡಬ್ಬಿಗಳಿಂದ ಶುರುವಾಯಿತು: ಬೆಳ್ಳಿ ಬಣ್ಣದ ವೆಸ್ಟರ್ನ್ ಪೆಸಿಫಿಕ್, ಕಿತ್ತಳೆಯ ಗ್ರೇಟ್ ನಾರ್ದರ್ನ್, ಕಂದುಗೆಂಪಿನ ಮಿನಿಯಾಪೊಲಿಸ್ ಅಂಡ್ ಸೇಂಟ್ ಲೂಯಿಸ್, ಹಸಿರಿನ ರಾಕ್ ಐಲೆಂಡ್. 1960ರ ದಶಕದ ಕೊನೆಯ ತನಕ ಇದೇ ಸಾಲು ನಡೆಯಿತು, ನಡುವೆ ಅಚ್ಚನ್ನು ಮತ್ತೆ ಮತ್ತೆ ತಿದ್ದಿದರು. ಸಂಗ್ರಹ ಮಾಡುವವರು ಆ ತಿದ್ದುಪಡಿಗಳನ್ನು ಟೈಪ್ 1, 2ಎ, 2ಬಿ, 3, 4 ಅಂತ ವಿಂಗಡಿಸಿಕೊಂಡಿದ್ದಾರೆ. ಮುಖ್ಯವಾಗಿ ನೋಡುವುದು ಪಕ್ಕದ ರಿವಿಟ್ ಸಾಲುಗಳನ್ನು: ಮೇಲಿಂದ ಕೆಳಗಿನ ತನಕ ಪೂರ್ತಿ ಇವೆಯಾ, ನಡುವೆ ಬಿಟ್ಟುಹೋಗಿವೆಯಾ, ಯಾವ ಸಾಲಿನಲ್ಲಿ ಬಿಟ್ಟಿವೆ. ಜೊತೆಗೆ ಛಾವಣಿ.

ರಿವಿಟ್ ಎಣಿಸುವುದು ಅಂದರೆ ತಲೆಕೆಟ್ಟವರ ಕೆಲಸ ಅಂತ ಮನೆಯವರು ನಗುತ್ತಾರೆ. ನಗಲಿ ಬಿಡಿ. ಒಂದು ತುದಿಯಿಂದ ಶುರು ಮಾಡಿ, ಸಾಲು ಸಾಲಾಗಿ ಕಾಗದದಲ್ಲಿ ಚುಕ್ಕಿ ಇಡಿ, ಖಾಲಿ ಇದ್ದಲ್ಲಿ ಖಾಲಿ ಬಿಡಿ. ಎರಡೂ ಪಕ್ಕ ಮಾಡಿ. ಮನಸ್ಸಲ್ಲೇ ಎಣಿಸಿದರೆ ಖಂಡಿತ ತಪ್ಪುತ್ತದೆ, ನಾನು ಹತ್ತು ಸಲ ತಪ್ಪಿದ್ದೇನೆ. ಆ ಚುಕ್ಕಿ ಚಿತ್ರವನ್ನು, ವಯಸ್ಸು ಖಚಿತವಾಗಿ ಗೊತ್ತಿರುವ ಇನ್ನೊಂದು ಡಬ್ಬಿಯ ಚಿತ್ರದ ಪಕ್ಕ ಇಟ್ಟು ಹೋಲಿಸಿ.

ಅಚ್ಚಿನ ಚುರುಕುತನವನ್ನೂ ನೋಡಬೇಕು. ಹೊಸ ಅಚ್ಚಿನಿಂದ ಬಂದ ಮೈಯ ಅಂಚು ಹರಿತವಾಗಿರುತ್ತದೆ, ಮೆಟ್ಟಿಲಿನ ಗೆರೆ, ಹಿಡಿಯ ಗೆರೆ ಬಿಡಿಸಿ ಇಟ್ಟ ಹಾಗೆ ಕಾಣುತ್ತದೆ. ಅಚ್ಚು ಸವೆದ ಮೇಲೆ ಎರಡು ಭಾಗ ಕೂಡುವಲ್ಲಿ ತೆಳು ಪೊರೆಯಂತೆ ಪ್ಲಾಸ್ಟಿಕ್ ಉಕ್ಕಿರುತ್ತದೆ. ಬಣ್ಣ ದಪ್ಪವಾಗಿದ್ದರೂ ಅಂಚು ಮೊಂಡಾಗಿ ಕಾಣುತ್ತದೆ, ಆದ್ದರಿಂದ ಇದೊಂದನ್ನೇ ಹಿಡಿದು ತೀರ್ಪು ಕೊಡಬೇಡಿ.

ಹೆಜ್ಜೆ 3: ಒಳಗೆ ಇಣುಕಿ

ಬಾಗಿಲು ಸರಿಸಿ ಟಾರ್ಚ್ ಬಿಡಿ, ಅಥವಾ ತಳ ಬಿಚ್ಚಿ. ಹೊರಗೆ ಬೆಳ್ಳಿ ಬಣ್ಣ ಇದ್ದರೂ ಒಳಗಿನ ಪ್ಲಾಸ್ಟಿಕ್ ಬೂದಿಯೋ, ಕೆಂಪೋ, ಇನ್ನೇನೋ ಇರಬಹುದು. ಒಂದೇ ನಂಬರಿನ ಡಬ್ಬಿಗೆ ಬೇರೆ ಬೇರೆ ಕಂತಿನಲ್ಲಿ ಬೇರೆ ಬಣ್ಣದ ಪ್ಲಾಸ್ಟಿಕ್ ಬಳಸಿದ್ದಾರೆ. ಹೊರಗಿನ ಬಣ್ಣ ಬಿಸಿಲಿಗೆ ಮಾಸುತ್ತದೆ, ರಾಸಾಯನಿಕ ಹಾಕಿ ಬೇಕಂತಲೇ ಬದಲಾಯಿಸುವವರೂ ಇದ್ದಾರೆ. ಬಾಗಿಲು ಮುಚ್ಚಿದ್ದ ಜಾಗದ ಬಣ್ಣಕ್ಕೂ ತೆರೆದ ಜಾಗದ ಬಣ್ಣಕ್ಕೂ ಸ್ವಲ್ಪ ವ್ಯತ್ಯಾಸ ಇದ್ದರೆ ಅದು ಬಿಸಿಲಿನ ಕೆಲಸ. ಬೋಗಿಯ ಹಿಂದೆ, ಬಾಗಿಲ ಸಂದಿಯಲ್ಲಿ, ತಳದ ಅಂಚಿನಲ್ಲಿ ಎಲ್ಲ ಕಡೆ ಒಂದೇ ಸಮ "ಅಪರೂಪದ" ಬಣ್ಣ ಇದ್ದರೆ ಮಾತ್ರ ಮುಂದಿನ ಮಾತು.

ಬಾಗಿಲು ಅಂದ ಮೇಲೆ ಅದನ್ನೂ ಮುಗಿಸಿಬಿಡೋಣ. 6464ರ ಮೊದಲ ಎರಡು ವರ್ಷದ ಬಾಗಿಲಲ್ಲಿ ಒಂದೇ ದೊಡ್ಡ ಚೌಕ, 1955ರ ಸುಮಾರಿನಿಂದ ಹಲವು ಸಣ್ಣ ಚೌಕ. 1946ರ 2454 ಪೆನ್ಸಿಲ್ವೇನಿಯಾ ಡಬ್ಬಿಯಲ್ಲಿ ಕಿತ್ತಳೆ ಬಾಗಿಲು ಮೊದಲಿನದು, ಕಂದು ಬಾಗಿಲು ನಂತರದ್ದು. ಆದರೆ ಬಾಗಿಲನ್ನು ಮಕ್ಕಳೂ ಕಿತ್ತು ಹಾಕುತ್ತಾರೆ, ವ್ಯಾಪಾರಿಗಳೂ ಬದಲಾಯಿಸುತ್ತಾರೆ. ಬಾಗಿಲಿನ ಸಾಕ್ಷಿಗೆ ಅರ್ಧ ಮಾರ್ಕು.

ಹೆಜ್ಜೆ 4: ಬರಹ

ಬರಹ ಮಾಡುವ ರೀತಿ ಮುಖ್ಯವಾಗಿ ಮೂರು. ಬಿಸಿ ಅಚ್ಚು ಒತ್ತಿದರೆ ಅಕ್ಷರ ಮೈಯೊಳಗೆ ಕೂದಲೆಳೆಯಷ್ಟು ತಗ್ಗಿರುತ್ತದೆ. ಸ್ಕ್ರೀನ್ ಪ್ರಿಂಟ್ ಮಾಡಿದರೆ ಮೈಮೇಲೆ ತೆಳು ಪದರವಾಗಿ ಎದ್ದಿರುತ್ತದೆ. ರಬ್ಬರ್ ಸೀಲು ಒತ್ತಿದರೆ ಅಂಚಿನಲ್ಲಿ ಶಾಯಿ ಒತ್ತರಿಸಿ, ನಡುವೆ ತೆಳುವಾಗಿ ಕಾಣುತ್ತದೆ, ನಮ್ಮ ಪಂಚಾಯಿತಿ ಸೀಲಿನ ಹಾಗೇ. ಮಸೂರ ಇಟ್ಟು, ಟಾರ್ಚ್ ಓರೆ ಹಿಡಿದರೆ ಗೊತ್ತಾಗುತ್ತದೆ. ಒಂದೇ ಪಕ್ಕದಲ್ಲಿ ಉಳಿದೆಲ್ಲ ಅಕ್ಷರ ತಗ್ಗಿದ್ದು ನಂಬರಿನ ಕೊನೆಯ ಮೂರು ಅಂಕಿ ಮಾತ್ರ ಎದ್ದಿದ್ದರೆ ನನ್ನ ಕಥೆ ನೆನಪು ಮಾಡಿಕೊಳ್ಳಿ. ಉಜ್ಜಿದ ಜಾಗದಲ್ಲಿ ಹೊಳಪೂ ಬೇರೆ ಇರುತ್ತದೆ. ನೋಟಿನ ಟಾರ್ಚ್ ಬಿಟ್ಟರೆ ಹೊಸ ಬಣ್ಣ ಹಲವು ಸಲ ಹಳೆ ಬಣ್ಣಕ್ಕಿಂತ ಬೇರೆ ಥರ ಹೊಳೆಯುತ್ತದೆ.

ಅಕ್ಷರದ ಬಣ್ಣ ಬದಲಾದರೆ ಬೆಲೆ ಎಲ್ಲಿಂದ ಎಲ್ಲಿಗೋ ಹೋಗುತ್ತದೆ. 6464-1 ವೆಸ್ಟರ್ನ್ ಪೆಸಿಫಿಕ್‌ನಲ್ಲಿ ನೀಲಿ ಅಕ್ಷರ ಮಾಮೂಲಿ, ಕೆಂಪು ಅಕ್ಷರ ಬಲು ಅಪರೂಪ. ಹಾಗಾಗಿಯೇ ಕೆಂಪು ಅಕ್ಷರ ಕಂಡರೆ ಖುಷಿಪಡುವ ಮೊದಲು ಅನುಮಾನ ಪಡಿ.

ಇನ್ನು ಡಬ್ಬಿಯ ಮೇಲೆ ಬರೆದ ದಿನಾಂಕ. ಹೊಸಬರು ಜಾಸ್ತಿ ಎಡವುವುದು ಇಲ್ಲಿ. ಹಾಸನ ಸ್ಟೇಷನ್ನಿನಲ್ಲಿ ಮಂಗಳೂರು ಕಡೆಯ ಗೂಡ್ಸ್ ನಿಂತಾಗ ಡಬ್ಬಿಯ ಮೇಲಿನ ಹನ್ನೊಂದು ಅಂಕಿಯ ನಂಬರು ನೋಡಿ. ಐದನೇ ಮತ್ತು ಆರನೇ ಅಂಕಿ ಆ ಡಬ್ಬಿ ತಯಾರಾದ ವರ್ಷ ಹೇಳುತ್ತದೆ. 12 ಅಂತಿದ್ದರೆ 2012. ನಿಜವಾದ ರೈಲಿನಲ್ಲಿ ಇದು ನಂಬಬಹುದಾದ ಲೆಕ್ಕ. ಆಟಿಕೆಯಲ್ಲಿ ಹಾಗಲ್ಲ. ಅಲ್ಲಿ ಬರೆದಿರುವ ತಿಂಗಳು, ವರ್ಷ ಅಲಂಕಾರದ ಭಾಗ. ಒಂದು ಸಲ ಪ್ಲೇಟು ಮಾಡಿದ ಮೇಲೆ ಎಷ್ಟು ವರ್ಷ ಒತ್ತಿದರೂ ಅದೇ ದಿನಾಂಕ ಬೀಳುತ್ತದೆ. ಆ ವಿನ್ಯಾಸ ಅದಕ್ಕಿಂತ ಮೊದಲು ಇರಲಿಲ್ಲ ಅಂತ ಹೇಳಬಹುದೇ ಹೊರತು, ನಿಮ್ಮ ಕೈಯಲ್ಲಿರುವುದು ಆವತ್ತಿನದು ಅಂತಲ್ಲ.

ಹೆಜ್ಜೆ 5: ಹಾರ್ನ್‌ಬಿ ಡಬ್ಲೊ ಸಿಕ್ಕಿದರೆ

ನಮ್ಮ ಕಡೆ ಹಳೆ ತೋಟದ ಬಂಗಲೆಗಳ ಅಟ್ಟದಲ್ಲಿ ಏನಾದರೂ ಸಿಕ್ಕಿದರೆ ಅದು ಅಮೆರಿಕದ್ದಕ್ಕಿಂತ ಇಂಗ್ಲೆಂಡಿನದಾಗಿರುವ ಸಂಭವವೇ ಜಾಸ್ತಿ. ಮಾವನ ಹತ್ತಿರ ಇರುವ ಎರಡು ಡಬ್ಬಿಗಳೂ ಸಕಲೇಶಪುರದ ಹತ್ತಿರದ ಒಂದು ತೋಟದ ಮನೆಯಿಂದ ಬಂದವು, ಬೆಲ್ಲದ ಡಬ್ಬದೊಳಗೆ ಬಟ್ಟೆ ಸುತ್ತಿ ಇಟ್ಟಿದ್ದರಂತೆ.

ಡಬ್ಲೊ 1938ರಲ್ಲಿ ಶುರು, ಲಿವರ್‌ಪೂಲಿನ ಮೆಕ್ಯಾನೊ ಕಂಪನಿಯದು. ಹಳಿಯ ಅಗಲ 16.5 ಮಿಲಿಮೀಟರ್. ಯುದ್ಧಕ್ಕೆ ನಿಂತು 1947ರಲ್ಲಿ ಮತ್ತೆ ಬಂತು. ಇಲ್ಲಿ ಕೊಂಡಿಯೇ ದೊಡ್ಡ ಸಾಕ್ಷಿ. ಯುದ್ಧಕ್ಕೆ ಮೊದಲಿನದು ಚಪ್ಪಟೆ ಸ್ಪ್ರಿಂಗ್ ತಗಡು. ನಂತರದ್ದು ಪೆಕೊ ಅನ್ನುವ ಕಂಪನಿಯವರ ಪೇಟೆಂಟಿನ, ಕೊಕ್ಕೆ ಇರುವ ಕೊಂಡಿ. ಮೈಗೆ ಅಯಸ್ಕಾಂತ ಹಿಡಿಯಿರಿ: ಅಂಟಿದರೆ ಮುದ್ರಿತ ತಗಡಿನ ಮೈ. ಅಂಟದೆ ಪ್ಲಾಸ್ಟಿಕ್ ಆಗಿದ್ದು ಸೂಕ್ಷ್ಮ ಗೆರೆಗಳಿದ್ದರೆ 1958ರಿಂದ ಬಂದ ಹೊಸ ಸಾಲು.

ಡಬ್ಬಿಯ ಮೇಲೆ ಎಲ್‌ಎಂಎಸ್, ಜಿಡಬ್ಲ್ಯೂ ಅಂತ ಹಳೆ ರೈಲು ಕಂಪನಿಗಳ ಅಕ್ಷರ ಇದ್ದರೆ ಯುದ್ಧಕ್ಕೆ ಮೊದಲಿನದು ಅಂತ ಹಾರಬೇಡಿ. ಇಂಗ್ಲೆಂಡಿನ ರೈಲು 1948ರ ಜನವರಿ 1ಕ್ಕೆ ಸರ್ಕಾರದ್ದಾಯಿತು, ಆದರೆ ಡಬ್ಲೊ ಡಬ್ಬಿಗಳ ಮೇಲೆ ಬ್ರಿಟಿಷ್ ರೈಲ್ವೇಸ್ ಅಕ್ಷರ ಬಂದದ್ದು 1953ರ ಹೊತ್ತಿಗೆ. ನಡುವಿನ ವರ್ಷಗಳಲ್ಲಿ ಹಳೆ ಹೆಸರಲ್ಲೇ ಮಾಡಿದರು. ಮಾವನ ಎರಡು ಡಬ್ಬಿಗಳಲ್ಲಿ ಒಂದು ಹಾಗೇ: ಹಳೆ ಅಕ್ಷರ, ಹೊಸ ಕೊಂಡಿ. ಹೇಳಿದರೆ ಇವತ್ತಿಗೂ ಒಪ್ಪುವುದಿಲ್ಲ. "ಕೊಂಡಿ ಯಾರೋ ಆಮೇಲೆ ಹಾಕಿರ್ಬೇಕು ಬಿಡಪ್ಪ" ಅಂತಾರೆ. ನನಗೆ ಪಾಠ ಹೇಳಿದವರೇ!

ಯುದ್ಧಕ್ಕೆ ಮೊದಲಿನ ಎರಕದ ಭಾಗಗಳಿಗೆ ಒಂದು ರೋಗ ಇದೆ, ಜಿಂಕ್ ಪೆಸ್ಟ್ ಅಂತ. ಸತುವಿನ ಮಿಶ್ರಲೋಹದಲ್ಲಿ ಸೀಸದಂಥ ಕಲಬೆರಕೆ ಸೇರಿದ್ದರೆ ಕಾಲ ಕಳೆದಂತೆ ಅದು ಒಳಗಿಂದ ಊದಿ, ಬಿರುಕು ಬಿಟ್ಟು, ಕೊನೆಗೆ ಪುಡಿಯಾಗುತ್ತದೆ. ತೇವ ಇದ್ದರೆ ಇನ್ನೂ ಬೇಗ. ತಳದ ಚೌಕಟ್ಟು ಬಾಳೆಹಣ್ಣಿನ ಹಾಗೆ ಬಾಗಿದೆಯಾ, ಗಾಲಿಯಲ್ಲಿ ಕೂದಲು ಬಿರುಕು ಇದೆಯಾ ನೋಡಿ. ಇದು ಹಳತು ಅನ್ನುವುದಕ್ಕೆ ಒಂದು ಸುಳಿವು ಹೌದು, ಆದರೆ ಕೊಳ್ಳಬೇಡಿ ಅನ್ನುವುದಕ್ಕೂ ಅದೇ ಸುಳಿವು.

ಎನ್ ಅನ್ನುವ, ಇದಕ್ಕಿಂತಲೂ ಪುಟಾಣಿ ಅಳತೆಯ ರೈಲು ಕೂಡಿಡುವವರಿಗೆ ಒಂದೇ ಮಾತು. ಕೇಡೀ ಕಂಪನಿ 1972ರಿಂದ ಎನ್ ಡಬ್ಬಿ ಮಾಡಿತು, 1990ರಲ್ಲಿ ಇಬ್ಭಾಗವಾಗಿ ಎನ್ ಕೆಲಸ ಮೈಕ್ರೊ ಟ್ರೈನ್ಸ್ ಪಾಲಿಗೆ ಹೋಯಿತು. ತಳದಲ್ಲಿ, ಪೆಟ್ಟಿಗೆಯಲ್ಲಿ ಯಾವ ಹೆಸರಿದೆ ನೋಡಿ.

ಹೆಜ್ಜೆ 6: ಪೆಟ್ಟಿಗೆ

ಪೆಟ್ಟಿಗೆಯ ತುದಿಯ ನಂಬರು ಡಬ್ಬಿಗೆ ಹೊಂದುತ್ತದೆಯಾ ನೋಡಿ. ಮೆಕ್ಯಾನೊ ಪೆಟ್ಟಿಗೆಗಳಲ್ಲಿ ಸಣ್ಣ ಅಕ್ಷರದಲ್ಲಿ ಮುದ್ರಣದ ಸಂಕೇತ ಇರುವುದುಂಟು, ಅದರೊಳಗೆ ತಿಂಗಳು, ವರ್ಷ ಅಡಗಿರುತ್ತದೆ. ನೇರಳೆ ಟಾರ್ಚ್ ಬಿಟ್ಟಾಗ "1938ರ ಪೆಟ್ಟಿಗೆ" ಹೊಸ ಬಿಳಿ ಅಂಗಿಯ ಹಾಗೆ ಹೊಳೆದರೆ ಅದು ಹೊಸ ಕಾಗದ. ಅಸಲಿ ಪೆಟ್ಟಿಗೆಗೆ ಬೇರೆ ಡಬ್ಬಿ ತುಂಬಿ ಮಾರುವುದು ಹಳೆ ಆಟ, ಹಾಗಾಗಿ ಪೆಟ್ಟಿಗೆ ಸರಿ ಇದ್ದರೂ ಒಳಗಿನದಕ್ಕೆ ಗ್ಯಾರಂಟಿ ಇಲ್ಲ.

ಹೆಜ್ಜೆ 7: ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆಯಿರಿ

ಒಂದೊಂದು ಭಾಗದ ಮುಂದೆ ಅದು ಯಾವ ವರ್ಷದಿಂದ ಯಾವ ವರ್ಷದ ತನಕ ಬಳಕೆಯಲ್ಲಿತ್ತು ಅಂತ ಬರೆಯಿರಿ. ಎಲ್ಲವೂ ಒಂದರ ಮೇಲೊಂದು ಬೀಳುವ ವರ್ಷವೇ ಆ ಡಬ್ಬಿಯ ಕಾಲ. ಮೈ 1953-54, ಬೋಗಿ 1951-57, ಬಾಗಿಲು 1955ರ ನಂತರದ್ದು ಅಂತ ಬಂದರೆ ಬಾಗಿಲು ಬದಲಾಗಿದೆ, ಇಲ್ಲವೇ ವರ್ಷದ ಕೊನೆಯಲ್ಲಿ ಉಳಿದ ಮೈಗೆ ಹೊಸ ಬಾಗಿಲು ಹಾಕಿದ್ದಾರೆ. ಒಂದು ವರ್ಷದ ಅಂತರ ಕಾರ್ಖಾನೆಯಲ್ಲೇ ಆಗಬಹುದು. ಹತ್ತು ವರ್ಷದ ಅಂತರ ಕಾರ್ಖಾನೆಯಲ್ಲಿ ಆಗುವುದಿಲ್ಲ, ಅದು ಯಾರದೋ ಮನೆಯ ಮೇಜಿನ ಮೇಲೆ ಆದದ್ದು.

ಕೊಳ್ಳುವ ಮೊದಲು ಮಾರುವವನ ಹತ್ತಿರ ಐದು ಫೋಟೊ ಕೇಳಿ: ಎರಡು ಪಕ್ಕ, ತಳ, ಒಂದು ಬೋಗಿ ಹತ್ತಿರದಿಂದ, ನಂಬರು ಹತ್ತಿರದಿಂದ ಓರೆ ಬೆಳಕಿನಲ್ಲಿ. ತಳದ ಫೋಟೊ ಕಳಿಸಲು ಸತಾಯಿಸಿದರೆ ಬಿಟ್ಟುಬಿಡಿ. ನನಗೆ ಕಿತ್ತಳೆ ಡಬ್ಬಿ ಮಾರಿದವನು ಕಳಿಸಿದ್ದು ಒಂದೇ ಫೋಟೊ, ಅದೂ ಗರಿ ಇರುವ ಪಕ್ಕದ್ದು.

ಕೊನೆಗೆ ಜೋಪಾನದ ವಿಷಯ. ತೊಳೆಯಬೇಡಿ, ಥಿನ್ನರ್ ಮುಟ್ಟಿಸಲೇಬೇಡಿ. ರಬ್ಬರ್ ಸೀಲಿನ ಅಕ್ಷರ ಒದ್ದೆ ಬಟ್ಟೆಗೂ ಹೋಗಿಬಿಡಬಹುದು. ಒಣ ಮೆದು ಬ್ರಷ್ ಸಾಕು. ಮಲೆನಾಡಿನ ಮಳೆಗಾಲದಲ್ಲಿ ರಟ್ಟಿನ ಪೆಟ್ಟಿಗೆಗೆ ಬೂಷ್ಟು ಹಿಡಿಯುತ್ತದೆ, ತಗಡಿಗೆ ತುಕ್ಕು ಬರುತ್ತದೆ. ಮೇ ಕೊನೆಗೇ ಎಲ್ಲವನ್ನೂ ಗಾಳಿಯಾಡದ ಡಬ್ಬಕ್ಕೆ ಹಾಕಿ, ಸಿಲಿಕಾ ಜೆಲ್ ಪೊಟ್ಟಣ ಇಟ್ಟು, ತಿಂಗಳಿಗೊಮ್ಮೆ ಪೊಟ್ಟಣ ಬದಲಾಯಿಸಿ. ಜಿಂಕ್ ಪೆಸ್ಟ್ ಬಂದ ಡಬ್ಬಿ ಇದ್ದರೆ ಅದನ್ನು ಬೇರೆ ಇಡಿ. ಅಕ್ಕಪಕ್ಕದ್ದಕ್ಕೆ ಅಂಟುವ ರೋಗ ಅಲ್ಲ ಅದು, ಉದುರುವ ಪುಡಿ ಮಾತ್ರ ಎಲ್ಲ ಕಡೆ ಮೆತ್ತಿಕೊಳ್ಳುತ್ತದೆ. ಕಿತ್ತಳೆ 250 ಇನ್ನೂ ನನ್ನ ಹತ್ತಿರವೇ ಇದೆ. ಹೊಸಬರು ಮನೆಗೆ ಬಂದರೆ ಮೊದಲು ಅದನ್ನೇ ಕೈಗೆ ಕೊಡುತ್ತೇನೆ, ಕವುಚಿ ಹಾಕುತ್ತಾರಾ ಇಲ್ಲವಾ ಅಂತ ಸುಮ್ನೆ ನೋಡುತ್ತಾ ಕೂರುತ್ತೇನೆ.